ಮಗನ ಮೇಲೆ ಮಾದಕ ದ್ರವ್ಯದ ಆರೋಪ ಬಂದರೆ

ನೇತ್ರಾವತಿಯ ದಂಡೆಯ ನರಿಕೊಂಬಿನಂತಹ ಊರುಗಳಿಂದ ಓದಲೆಂದು ಮಂಗಳೂರಿಗೆ ಹೋಗುವ ಮಕ್ಕಳು ಅನೇಕ. ಮಗನನ್ನು ಹಾಸ್ಟೆಲಿಗೆ ಸೇರಿಸಿ ಹಿಂದಿರುಗುವ ತಂದೆತಾಯಿಗಳಿಗೆ ಅವನ ಅಂಕಗಳ ಚಿಂತೆ ಇರುತ್ತದೆಯೇ ಹೊರತು ಪೊಲೀಸ್ ಠಾಣೆಯ ಚಿಂತೆ ಇರುವುದಿಲ್ಲ. ಆದರೆ 2023ರ ಜನವರಿಯಲ್ಲಿ ಮಂಗಳೂರಿನ ಗಾಂಜಾ ಪ್ರಕರಣವೊಂದರಲ್ಲಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಬಂಧಿತರಾದಾಗ, ವಿದ್ಯಾವಂತರ ಮನೆಗೂ ಈ ಆಪತ್ತು ದೂರವಲ್ಲವೆಂಬುದು ಮನದಟ್ಟಾಯಿತು.

ಇಂತಹ ಸುದ್ದಿ ಬಂದಾಗ ಮಾನಕ್ಕಂಜಿ ಮೌನವಾಗುವುದೇ ಕುಟುಂಬಗಳು ಮಾಡುವ ಮೊದಲ ತಪ್ಪು. ಆ ಮೌನದಲ್ಲಿ ಕಳೆದುಹೋಗುವುದು ಮಗನ ಹಕ್ಕುಗಳು.

1985ರ ಎನ್.ಡಿ.ಪಿ.ಎಸ್. ಕಾಯಿದೆಯಡಿ ಮಾರುವುದಷ್ಟೇ ಅಲ್ಲ, ತಿಳಿದೂ ಇಟ್ಟುಕೊಳ್ಳುವುದು, ಸಾಗಿಸುವುದು ಸಹ ಅಪರಾಧ. “ಗೆಳೆಯನ ಪೊಟ್ಟಣ, ಒಂದು ದಿನ ಇಟ್ಟುಕೊಂಡಿದ್ದೆ” ಎಂಬ ಮಾತು ರಕ್ಷಣೆಯಾಗದು. ಶಿಕ್ಷೆಯನ್ನು ನಿರ್ಧರಿಸುವುದು ತೂಕ. ಗಾಂಜಾ 1 ಕಿಲೋದವರೆಗೆ ಅಲ್ಪ ಪ್ರಮಾಣ. ಅದಕ್ಕೆ 1 ವರ್ಷದವರೆಗೆ ಸೆರೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಅದಕ್ಕೆ 10ರಿಂದ 20 ವರ್ಷ ಸೆರೆ, ಜೊತೆಗೆ ದಂಡ. ನಡುವಿನ ಪ್ರಮಾಣಕ್ಕೆ 10 ವರ್ಷದವರೆಗೆ. ಎಂ.ಡಿ.ಎಂ.ಎ. ಎಂಬ ರಾಸಾಯನಿಕಕ್ಕೆ ಕೇವಲ 10 ಗ್ರಾಂ ಮೀರಿದರೆ ಸಾಕು, ಅದು ವಾಣಿಜ್ಯ ಪ್ರಮಾಣ. ಅಲ್ಲಿ 37ನೆಯ ಕಲಮಿನಿಂದಾಗಿ ಜಾಮೀನು ಬಹು ದುರ್ಲಭ.

ಕಾನೂನು ಕಠೋರವಾಗಿರುವುದರಿಂದಲೇ ತನಿಖೆಗೆ ಕಟ್ಟುನಿಟ್ಟಾದ ವಿಧಿಗಳಿವೆ. ಆರೋಪಿಯ ಮೈಯನ್ನು ಶೋಧಿಸುವ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧನೆ ಬಯಸುವ ಹಕ್ಕು ಅವನಿಗಿದೆಯೆಂದು ತಿಳಿಸಬೇಕು. ಚೀಲದ ಶೋಧನೆಗೆ ಈ ನಿಯಮ ಅನ್ವಯಿಸದು. ಬಂಧನದ ಕಾರಣ ತಿಳಿಸಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತನಿಖಾಧಿಕಾರಿಗೆ ನೀಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂದು 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಕಾಯಿದೆ ಆರೋಪಿಯ ವಿರುದ್ಧ ಕೆಲವು ಊಹೆಗಳನ್ನು ಮಾಡುತ್ತದೆ ನಿಜ. ಆದರೆ ವಸ್ತು ಅವನ ವಶದಲ್ಲಿತ್ತೆಂಬ ಮೂಲ ಸಂಗತಿಯನ್ನು ಪ್ರಾಸಿಕ್ಯೂಷನ್ ಮೊದಲು ಸಾಬೀತುಪಡಿಸಬೇಕು.

ಆದ್ದರಿಂದ ಪಾಲಕರು ಮೊದಲು ಮಾಡಬೇಕಾದುದು ವಕೀಲರನ್ನು ಗೊತ್ತುಮಾಡುವುದು. ಬಂಧಿತನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ, ಸಹಾಯವಾಣಿ 15100. ಎಫ್.ಐ.ಆರ್. ಮತ್ತು ಮಹಜರಿನ ಪ್ರತಿಗಳನ್ನು ಪಡೆದು, ಹಿಡಿದ ಹೊತ್ತು, ಸ್ಥಳ, ತೂಕಗಳನ್ನು ಹೋಲಿಸಿ ನೋಡಬೇಕು. “ಹಣ ಕೊಟ್ಟರೆ ಕೇಸು ಮುಚ್ಚಿಸುತ್ತೇನೆ” ಎಂದು ಬರುವವರನ್ನು ಮನೆಯ ಹೊಸಿಲು ದಾಟಿಸಬಾರದು. ಮೊಬೈಲಿನಲ್ಲಿರುವುದನ್ನು ಅಳಿಸಲು ಯಾರೂ ಮುಂದಾಗಬಾರದು. ಸಾಕ್ಷ್ಯನಾಶ ಬೇರೆಯದೇ ಅಪರಾಧ.

ಮಗ ವ್ಯಸನಿಯೇ ಆಗಿದ್ದು ಪ್ರಕರಣ ಸೇವನೆ ಅಥವಾ ಅಲ್ಪ ಪ್ರಮಾಣದ್ದಾಗಿದ್ದರೆ, 64ಎ ಕಲಮು ಇನ್ನೊಂದು ಬಾಗಿಲನ್ನು ತೆರೆದಿಟ್ಟಿದೆ. ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸುವವನಿಗೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಆದರೆ ಆ ಬಾಗಿಲಿನವರೆಗೆ ಅವನು ಒಬ್ಬನೇ ನಡೆಯಲಾರ; ಮನೆಯವರು ಕೈಹಿಡಿದು ಕರೆದೊಯ್ಯಬೇಕು. ತಪ್ಪಿದ್ದರೆ ಶಿಕ್ಷೆ ವಿಧಿಸಲು ನ್ಯಾಯಾಲಯವಿದೆ. ಮಗನನ್ನು ಮಗನಾಗಿ ಉಳಿಸಿಕೊಳ್ಳಲು ಇರುವುದು ಮನೆಯೊಂದೇ.