ಹದಿನಾಲ್ಕು ಸಾವಿರ ಕಿಲೋಮೀಟರಿನ ದಾರಿ

ಪಂಚಲಿಂಗೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಹೂಲಿ ಗ್ರಾಮವು ಸವದತ್ತಿಗೆ ಸಮೀಪದಲ್ಲಿದೆ. ಅಲ್ಲಿಯ ಒಂದು ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆಂದೂ, ಮಗನು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿರುವನೆಂದೂ ಭಾವಿಸೋಣ. ಮಣ್ಣು ಮಾಡುವುದಕ್ಕೆ ಅವನಿಗಾಗಿ ಕಾಯಬಹುದೇ, ಕಾಯುವುದಾದರೆ ಎಷ್ಟು ಹೊತ್ತು? ಇದು ಭೂಗೋಳದ ಪಾಠವಷ್ಟೇ ಅಲ್ಲವೆಂಬುದನ್ನು ಕೇಳುಗರಿಗೆ ಬೇರೆ ಹೇಳಬೇಕಾಗಿಲ್ಲ.

ಮೊದಲು ದೂರದ ಮಾತು. ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಶಾಂತಸಾಗರವನ್ನು ದಾಟುವಂತೆ ಸರಳರೇಖೆಯೆಳೆದರೆ ಆ ದಾರಿ ಸುಮಾರು 16,100 ಕಿಲೋಮೀಟರು. ಆದರೆ ಭೂಮಿಯು ಗೋಲವಷ್ಟೆ. ಮಕ್ಕಳ ಭೂಗೋಲವೊಂದನ್ನು ತೆಗೆದುಕೊಂಡು ಈ ಎರಡು ನಗರಗಳ ನಡುವೆ ನೂಲನ್ನು ಬಿಗಿಯಾಗಿ ಹಿಡಿದು ನೋಡಿರಿ. ಅದು ಸಾಗರವನ್ನು ಬಿಟ್ಟು ಉತ್ತರಕ್ಕೆ ಏರಿ, 71ನೆಯ ಅಕ್ಷಾಂಶದವರೆಗೆ ಹೋಗಿ ಇಳಿಯುತ್ತದೆ. ಆ ನೂಲಿನ ಅಳತೆ ಸುಮಾರು 14,000 ಕಿಲೋಮೀಟರು. ಭೂಪಟವನ್ನು ನಂಬಿದವನಿಗೆ ಎರಡು ಗಂಟೆಗೂ ಮಿಕ್ಕಿದ ಹಾರಾಟ ವ್ಯರ್ಥ. ಎರಡೂ ನಗರಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರಾದ ರೇಖಾಂಶಗಳಲ್ಲಿರುವುದರಿಂದ, ಉತ್ತರಧ್ರುವದ ಮೇಲೆಯೇ ಹಾರಿದರೂ ದಾರಿ ನಾನೂರು ಕಿಲೋಮೀಟರಿನಷ್ಟು ಸಹ ಬೆಳೆಯುವುದಿಲ್ಲ.

ಹಾಗೆ ಹಾರಿದ್ದೂ ಉಂಟು. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲರೂ ಇತರ ಮೂವರು ಮಹಿಳಾ ಚಾಲಕರೂ ಧ್ರುವಪ್ರದೇಶದ ಮೇಲಿನಿಂದ, ನಡುವೆ ಎಲ್ಲಿಯೂ ಇಳಿಸದೆ, ಬೆಂಗಳೂರಿಗೆ ತಂದರು. ಸಮೀಪದ ದಾರಿಯೇ ಶೀಘ್ರದ ದಾರಿಯೆಂದು ಹೇಳಲಾಗದು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲವಾದ ಗಾಳಿಯು ಚಳಿಗಾಲದಲ್ಲಿ ಗಂಟೆಗೆ 200 ಕಿಲೋಮೀಟರನ್ನೂ ಮೀರುತ್ತದೆ. ಪೂರ್ವಕ್ಕೆ ಹೋಗುವ ವಿಮಾನವು ಅದರ ಬೆನ್ನೇರುತ್ತದೆ. ಎದುರಾಗಿ ಬರುವುದು ಅದನ್ನು ತಪ್ಪಿಸಿಕೊಂಡು ಬೇರೆ ದಾರಿ ಹಿಡಿಯುತ್ತದೆ.

ಇನ್ನು ಗಡಿಯಾರ. ಆ ವಿಮಾನವು ಅಲ್ಲಿಯ ಶನಿವಾರ ರಾತ್ರಿ ಹೊರಟು, ಇಲ್ಲಿಯ ಸೋಮವಾರ ನಸುಕಿನಲ್ಲಿ ಇಳಿಯಿತು. ನಡುವಣ ಭಾನುವಾರವೆಲ್ಲಿ ಹೋಯಿತು? ಭೂಮಿಯು ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ. ನಮ್ಮ ಗಡಿಯಾರವು 82½ ಡಿಗ್ರಿ ಪೂರ್ವ ರೇಖಾಂಶಕ್ಕೂ, ಅವರದು 120 ಡಿಗ್ರಿ ಪಶ್ಚಿಮಕ್ಕೂ ಹೊಂದಿವೆ. ಕೂಡಿದರೆ 202½ ಡಿಗ್ರಿ, ಅಂದರೆ ಹದಿಮೂರೂವರೆ ಗಂಟೆ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳುವುದರಿಂದ ಹನ್ನೆರಡೂವರೆ. ಶನಿವಾರ ರಾತ್ರಿ ಎಂಟೂವರೆ ಎಂದು ಅಲ್ಲಿಂದ ಹೇಳಿದಾಗ, ಹೂಲಿಯಲ್ಲಿ ಅದಾಗಲೇ ಭಾನುವಾರ ಬೆಳಗ್ಗೆ ಹತ್ತು. ದಿನಾಂಕ ನೋಡಿದರೆ ಎರಡು ದಿನ. ಕುಳಿತವನಿಗೆ ಸುಮಾರು ಹದಿನೇಳು ಗಂಟೆ. ತಿರುಗಿ ಹೋಗುವಾಗ ಇದೇ ವಿಪರೀತ: ಇಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದವನು, ಚಳಿಗಾಲವಾದರೆ, ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿರುತ್ತಾನೆ!

ಆದುದರಿಂದ ಹೂಲಿಯ ಮನೆಯವರು "ಯಾವ ವಾರ ಹೊರಡುತ್ತೀ?" ಎಂದು ಕೇಳಿದರೆ ಸಾಲದು, "ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತೀ?" ಎಂದೇ ಕೇಳಬೇಕು. ನಡುವೆ ವಿಮಾನ ಬದಲಿಸುವುದಿದ್ದರೆ ಆ ಕಾಯುವಿಕೆಯೂ ಆ ಉತ್ತರದಲ್ಲಿ ಸೇರಿರುತ್ತದೆ. ಅನಂತರ ಬೆಂಗಳೂರಿನಿಂದ ಹುಬ್ಬಳ್ಳಿ, ಧಾರವಾಡಗಳ ಮೇಲೆ ಸವದತ್ತಿಯ ಕಡೆಗೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ನೆಲದ ದಾರಿ. ನಸುಕಿನಲ್ಲಿ ಇಳಿದು ಕಾರು ಹಿಡಿದವನು ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೂಲಿಯ ಮನೆಯ ಬಾಗಿಲಿಗೆ ಬಂದಾನು.