ಸುವೊರ್ವಾದ ಕೆಳಗೆ ಯಾರಿದ್ದಾರೆ?

2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಮಾರನೇ ದಿನ ಹೊಸಪೇಟೆಯಿಂದ ಅಮ್ಮನ ಫೋನು. "ಗೇಟು ಕಿತ್ಕೊಂಡು ಹೋಗೈತಪ್ಪ. ಉಳಿದ ಗೇಟೆಲ್ಲ ತೆಗೆದು ನೀರು ಬಿಡಾಕ ಹತ್ಯಾರ. ನಿಮ್ಮೂರಿನ ಮ್ಯಾಲೂ ಒಂದು ಡ್ಯಾಮ್ ಐತಿ ಅಂದಿದ್ದೆಲ್ಲ, ಅದೆಷ್ಟು ಹಳೇದು?"

ನಾನಿರುವುದು ಸ್ವೀಡನ್ನಿನ ಉತ್ತರದ ಲೂಲಿಯೋದಲ್ಲಿ, ಲೂಲೆ ನದಿ ಸಮುದ್ರ ಸೇರುವ ಕಡೆ. ಅಮ್ಮ ಕೇಳಿದ್ದು ಇದೇ ನದಿಯ ಮೇಲ್ಭಾಗದಲ್ಲಿರುವ ಸುವೊರ್ವಾ ಅಣೆಕಟ್ಟಿನ ವಿಷಯ. ಅದರ ವಯಸ್ಸು ಹೇಳುವುದೇ ಕಷ್ಟ. 1909ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಜಾಗದಿಂದಲೇ ಹತ್ತು ವರ್ಷದಲ್ಲಿ ಒಂದು ಭಾಗವನ್ನು ಕಿತ್ತುಕೊಂಡು ಸರ್ಕಾರ ಕಟ್ಟೆ ಹಾಕಿಸಿತು. ದಂಡೆಯಲ್ಲಿದ್ದ, ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ನೆಲೆಗಳು ಮುಳುಗಿದವು. 1923ರಲ್ಲಿ ಮುಗಿದ ಆ ಕಟ್ಟೆಯನ್ನು ಆಮೇಲೂ ಎತ್ತರಿಸುತ್ತಲೇ ಹೋದರು. ಈಗಿರುವ ರೂಪ ಬಂದದ್ದು 1972ಕ್ಕೆ. ನೂರು ವರ್ಷ ಅಂದರೂ ಸರಿ, ಐವತ್ತು ಅಂದರೂ ಸರಿ.

ಒಮ್ಮೆ ಮೇ ತಿಂಗಳಲ್ಲಿ ಬಸ್ಸು ಹಿಡಿದು ನೋಡಲು ಹೋಗಿದ್ದೆ. ಚಳಿಗಾಲವಿಡೀ ವಿದ್ಯುತ್ತಿಗೆಂದು ನೀರು ಬಿಟ್ಟು ಕೆರೆ ಇಳಿದುಹೋಗಿತ್ತು. ಇಲ್ಲಿ ನೀರಿನ ಮಟ್ಟ 30 ಮೀಟರಿನಷ್ಟು ಏರಿಳಿಯುತ್ತದೆ. ಮಂಚದಗಲದ ಮಂಜುಗಡ್ಡೆಯ ಚಪ್ಪಡಿಗಳು ದಂಡೆಯ ಬಂಡೆಗಳ ಮೇಲೆ ಒರಗಿ ನಿಂತಿದ್ದವು. ತುಂಬಿದಾಗ ಇದು ಸುಮಾರು 6 ಘನ ಕಿಲೋಮೀಟರ್ ನೀರು, ನಮ್ಮ ಲೆಕ್ಕದಲ್ಲಿ ಇನ್ನೂರು ಟಿಎಂಸಿಗೂ ಮೇಲೆ. ತುಂಗಭದ್ರೆಯ ಹತ್ತಿರ ಹತ್ತಿರ ಎರಡರಷ್ಟು.

ಈ ಅಣೆಕಟ್ಟು ಕಾಂಕ್ರೀಟಿನದಲ್ಲ, ನಮ್ಮ ಕೆರೆ ಏರಿಯ ಜಾತಿಯದೇ. ನಡುವೆ ಹಿಮನದಿ ಬಿಟ್ಟುಹೋದ ಮಣ್ಣು, ಎರಡೂ ಬದಿಗೆ ಕಲ್ಲು. 1983ರಲ್ಲಿ ಇದರ ಪೂರ್ವದ ಕಟ್ಟೆಯ ಬುಡದಲ್ಲಿ ನೀರು ಜಿನುಗಿತು. ಸೆಕೆಂಡಿಗೆ ಸುಮಾರು 100 ಲೀಟರ್, ಅದೂ ಕದಡಿದ ನೀರು. ಭಯ ಹುಟ್ಟಿಸುವುದು ಆ ಬಣ್ಣವೇ. ಊರ ಕೆರೆಯ ನೀರಗಂಟಿಯಾಗಿದ್ದ ನಮ್ಮ ತಾತ ಏರಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಬಸಿದ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಬೀಡಿ ಹಚ್ಚುತ್ತಿದ್ದ. ಕೆಂಪಗಿದ್ದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ತೊಳೆದು ಬರುತ್ತಿದೆ ಎಂದೇ ಅರ್ಥ. ಸುವೊರ್ವಾದಲ್ಲೂ ಆದದ್ದು ಅದೇ. ಕಟ್ಟೆಯೊಳಕ್ಕೆ ಗ್ರೌಟ್ ಎಂಬ ತೆಳು ಗಾರೆ ತುಂಬಿ ಸರಿಪಡಿಸಿದರು.

ಹಾಗಾದರೆ ಇದು ಅಪಾಯದ ಡ್ಯಾಮೇ? ಇಲ್ಲೇ ಬಹಳ ಜನ ಎಡವುತ್ತಾರೆ, ಮೊದಲು ನಾನೂ ಎಡವಿದ್ದೆ. 2014ರಿಂದ ಸ್ವೀಡನ್ನಿನಲ್ಲಿ ಅಣೆಕಟ್ಟುಗಳಿಗೆ ಎ, ಬಿ, ಸಿ ಎಂಬ ಸುರಕ್ಷತಾ ವರ್ಗಗಳಿವೆ. ಮಾಲೀಕರು ಲೆಕ್ಕ ಹಾಕಿ ಕೊಡುತ್ತಾರೆ, ಪ್ರಾಂತೀಯ ಆಡಳಿತ ತೀರ್ಮಾನಿಸುತ್ತದೆ. 'ಎ' ಅಂದರೆ ಶಿಥಿಲ ಅಂತಲ್ಲ, ಗಟ್ಟಿ ಅಂತಲೂ ಅಲ್ಲ. ಒಡೆದರೆ ದೇಶಕ್ಕೇ ಬಿಕ್ಕಟ್ಟು ತರುವಂಥದ್ದು ಎಂದಷ್ಟೇ. ನಿನ್ನೆ ಕಟ್ಟಿದ ಡ್ಯಾಮೂ 'ಎ' ಆಗಬಹುದು. ಬಿರುಕು ಬಿಟ್ಟ ಮುದಿ ಕಟ್ಟೆಯ ಕೆಳಗೆ ಬರೀ ಕಾಡಿದ್ದರೆ ವರ್ಗವೇ ಸಿಗದೆ ಹೋಗಬಹುದು. ಕಟ್ಟೆಗೆ ಯಾರೂ ಕೈ ಹಚ್ಚದಿದ್ದರೂ, ಕೆಳಗೆ ಬಡಾವಣೆ ಎದ್ದರೆ ವರ್ಗ ಏರಬಹುದು.

ಸುವೊರ್ವಾದ ಕೆಳಗೆ ಪೊರ್ಯುಸ್, ಹಾರ್ಸ್‌ಪ್ರೊಂಗೆಟ್, ಮೆಸೌರೆ ಹೀಗೆ ಒಂದರ ಕೆಳಗೊಂದು ಅಣೆಕಟ್ಟು. ಆಮೇಲೆ ಬೂಡೆನ್ ಪಟ್ಟಣ. ಕೊನೆಗೆ ನಾವು.

ಕಟ್ಟೆಯ ಆರೋಗ್ಯದ ತಪಾಸಣೆ ಬೇರೆಯೇ. ವರ್ಗ ಪಡೆದ ಅಣೆಕಟ್ಟನ್ನು ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಬುಡದಿಂದ ತುದಿವರೆಗೆ ಪರಿಶೀಲಿಸಬೇಕು. ಒಡೆದರೆ ತಪ್ಪು ಯಾರದೇ ಇರಲಿ, ನಷ್ಟ ಕಟ್ಟಿಕೊಡುವುದು ಮಾಲೀಕರೇ. ಈ ಕಟ್ಟುನಿಟ್ಟೆಲ್ಲ ಸುಮ್ಮನೆ ಬಂದದ್ದಲ್ಲ. 1985ರ ಸೆಪ್ಟೆಂಬರಿನಲ್ಲಿ ಡಾಲಾರ್ನಾ ಪ್ರಾಂತ್ಯದ ನೊಪ್ಪಿಕೊಸ್ಕಿಯಲ್ಲಿ ಜಡಿಮಳೆ ಹಿಡಿದು, ಗೇಟೊಂದು ತೆರೆಯದೆ, ನೀರು ಏರಿಯ ಮೇಲೆ ಹರಿದು ಕಟ್ಟೆಯನ್ನೇ ಒಯ್ದಿತು. ಕೆಳಗೆ ಹೆಚ್ಚಾಗಿ ಕಾಡಿದ್ದದ್ದು ಪುಣ್ಯ. ಎಷ್ಟು ದೊಡ್ಡ ಪ್ರವಾಹಕ್ಕೆ ಕಟ್ಟೆ ತಡೆಯಬೇಕೆಂಬ ಹೊಸ ಮಾರ್ಗಸೂಚಿ 1990ರಲ್ಲಿ ಬಂತು. ಅಲ್ಲಿ ಗೇಟು ತೆರೆಯಲಿಲ್ಲ, ನಮ್ಮಲ್ಲಿ ಗೇಟೇ ಉಳಿಯಲಿಲ್ಲ.

ಒಂದು ವಾರದೊಳಗೆ ಹೊಸಪೇಟೆಯಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರಿಸಿ ನೀರು ನಿಲ್ಲಿಸಿದರು. ಅವತ್ತು ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಅದಿರ್ಲಿ," ಅಂದಳು, "ನಿನ್ನ ಮನಿ ಎಷ್ಟನೇ ಅಂತಸ್ತಿನಾಗೈತಿ?"

"ಮೂರನೇದು."