ಮೊದಲು ಆಲಿಸು ಎಂದ ಗುರು

ಹ್ಯಾಮ್ ರೇಡಿಯೊ ಹವ್ಯಾಸಿಗಳು ತಮ್ಮಲ್ಲೊಬ್ಬರು ತೀರಿಕೊಂಡಾಗ ಅವರನ್ನು ‘ಸೈಲೆಂಟ್ ಕೀ’ ಎಂದು ಸ್ಮರಿಸುತ್ತಾರೆ. ಮೋರ್ಸ್ ಸಂಕೇತ ಕಳಿಸುವ ಕೀ ಮೌನವಾಯಿತೆಂದು ಅದರ ಅರ್ಥ. ಕಳೆದ ತಿಂಗಳು ಬೆಂಗಳೂರಿನ ಬಸವನಗುಡಿಯ ಮನೆಯೊಂದರಲ್ಲಿ ಅಂಥದೊಂದು ಕೀ ಮೌನವಾಯಿತು. ಎಂಬತ್ತೈದು ವರ್ಷ ಬಾಳಿದ ಅವರು ನನಗೆ ವಕೀಲಿಕೆ ಕಲಿಸಿದ ಗುರುಗಳು. ಪ್ರಚಾರವನ್ನು ಎಂದೂ ಬಯಸದ ಅವರನ್ನು ಇಲ್ಲಿಯೂ, ನ್ಯಾಯಾಲಯದ ಆವರಣದಲ್ಲಿ ಎಲ್ಲರೂ ಕರೆಯುತ್ತಿದ್ದಂತೆ, ಕ್ಯಾಪ್ಟನ್ ಎಂದೇ ಕರೆಯುತ್ತೇನೆ.

1962ರ ಚೀನಾ ಯುದ್ಧದ ಬಳಿಕ ಸೇನೆಯು ಸಾವಿರಾರು ಯುವಕರನ್ನು ತುರ್ತು ನೇಮಕದ ಮೂಲಕ ಅಧಿಕಾರಿಗಳನ್ನಾಗಿ ಸೇರಿಸಿಕೊಂಡಿತು. ಅವರಲ್ಲೊಬ್ಬರಾದ ಕ್ಯಾಪ್ಟನ್, ಸಿಗ್ನಲ್ಸ್ ದಳ ಸೇರಿ 1965ರ ಯುದ್ಧವನ್ನು ಪಂಜಾಬಿನ ಗಡಿಯಲ್ಲಿ ಕಂಡರು. ಹಾಗೆ ನೇಮಕಗೊಂಡ ಅನೇಕರನ್ನು ಕೆಲವೇ ವರ್ಷಗಳಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಯಿತು. ಊರಿಗೆ ಮರಳಿದ ಇವರು ಹಗಲು ಗುಮಾಸ್ತಿಕೆ ಮಾಡಿ, ಸಂಜೆ ಕಾನೂನು ಓದಿದರು. ಯುದ್ಧದ ಸಾಹಸಗಳನ್ನು ಅವರು ಎಂದೂ ಬಣ್ಣಿಸಿದವರಲ್ಲ. ಹೇಳುತ್ತಿದ್ದುದು ಇಷ್ಟೇ: ಒಂದು ಅಂಕಿಯನ್ನು ತಪ್ಪಾಗಿ ಕೇಳಿಸಿಕೊಂಡರೆ ನಮ್ಮ ಫಿರಂಗಿಯ ಗುಂಡು ನಮ್ಮವರ ಮೇಲೆಯೇ ಬೀಳುತ್ತದೆ.

ಸೇನೆಯ ಆ ವಿದ್ಯೆಯೇ ಮುಂದೆ ಅವರ ಹವ್ಯಾಸವಾಯಿತು. ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದು, ತಾರಸಿಯ ಮೇಲೆ ಆಂಟೆನಾ ಕಟ್ಟಿದರು. ಮಾತನಾಡುವ ಮುನ್ನ ಆ ತರಂಗದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಡುವುದು ಹ್ಯಾಮ್‌ಗಳ ಮೊದಲ ಶಿಸ್ತು. ಎರಡೂ ಪಕ್ಷಗಳ ಮಾತನ್ನು ಕೇಳದೆ ತೀರ್ಪು ಕೊಡಬಾರದೆಂಬುದು ನ್ಯಾಯದ ಮೂಲತತ್ವ. ಇವೆರಡೂ ಒಂದೇ ಎಂದು ಅವರು ನಂಬಿದ್ದರು.

ಪಾಲು ವಿಭಾಗದ ದಾವೆಯೊಂದರಲ್ಲಿ ನಾವು ಅಣ್ಣನ ಪರವಾಗಿದ್ದೆವು. ಹಕ್ಕು ಬಿಡುಗಡೆ ಪತ್ರದ ಮೇಲಿನ ಸಹಿ ತನ್ನದೇ ಎಂದು ವೃದ್ಧೆಯಾದ ತಂಗಿಯಿಂದ ಪಾಟೀಸವಾಲಿನಲ್ಲಿ ಒಪ್ಪಿಸಿದೆ. ಆಕೆ ಮುಂದೇನೋ ಹೇಳಹೊರಟಾಗ ತಡೆದು ಕುಳಿತೆ. ಬೀಗುತ್ತಿದ್ದ ನನ್ನನ್ನು ಕ್ಯಾಪ್ಟನ್ ಕೇಳಿದರು: ‘ಆಕೆ ಏನು ಹೇಳಬೇಕೆಂದಿದ್ದಳಯ್ಯಾ?’ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆ ಅವರು ಅಣ್ಣನನ್ನು ಕೂರಿಸಿಕೊಂಡು ಅದೇ ಪ್ರಶ್ನೆ ಕೇಳಿದರು. ಓದಲು ಬಾರದ ತಂಗಿಗೆ ಅದು ಯಾವ ಕಾಗದವೆಂದೇ ತಿಳಿಸಿರಲಿಲ್ಲವೆಂದು ಆತ ಬಾಯಿಬಿಟ್ಟ. ತಿಂಗಳೊಳಗೆ ಆತನೇ ರಾಜಿಗೆ ಒಪ್ಪಿ ತಂಗಿಗೆ ಪಾಲು ಕೊಟ್ಟ.

2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ಭೂಕಂಪವಾಗಿ ದೂರವಾಣಿ ಸಂಪರ್ಕ ಕಡಿದುಹೋದಾಗ, ಹ್ಯಾಮ್‌ಗಳು ತಮ್ಮ ಸೆಟ್‌ಗಳೊಂದಿಗೆ ಅಲ್ಲಿಗೆ ಧಾವಿಸಿದರು. ಕ್ಯಾಪ್ಟನ್ ಹಗಲಿರುಳು ಮನೆಯಲ್ಲಿ ಸೆಟ್ಟಿನ ಮುಂದೆ ಕುಳಿತರು. ಚಿಕ್ಕಪೇಟೆಯ ಗುಜರಾತಿ ಬಟ್ಟೆ ವ್ಯಾಪಾರಿಯೊಬ್ಬರು ತಾಯಿಯ ಸುದ್ದಿಗಾಗಿ ಹೊರಗೆ ಕಾದಿದ್ದರು. ಬದುಕುಳಿದವರ ಪಟ್ಟಿ ಬರುತ್ತಿದ್ದಾಗ, ಗೊರಗೊರ ಸದ್ದಿನ ನಡುವೆ ಆ ಹೆಸರು ಕೇಳಿದಂತಾಗಿ, ‘ಸಾರ್, ಅವರೇ’ ಎಂದು ನಾನು ಎದ್ದೆ. ಅವರು ಕೈಸನ್ನೆಯಿಂದ ತಡೆದು, ಹೆಸರನ್ನೂ ಗಂಡನ ಹೆಸರನ್ನೂ ಬೀದಿಯನ್ನೂ ಅಕ್ಷರ ಬಿಡಿಸಿ ಮತ್ತೆ ಹೇಳಿಸಿದರು. ಅದು ಬೇರೊಬ್ಬಾಕೆ. ಆ ತಾಯಿಯ ಸುದ್ದಿ ಎರಡು ದಿನಗಳ ಬಳಿಕ ಬಂತು. ಅದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಮಗನಿಗೆ ಸುಳ್ಳು ಆಸೆ ಕೊಟ್ಟು ಕಸಿದುಕೊಳ್ಳುವ ಪಾಪದಿಂದ ಕ್ಯಾಪ್ಟನ್ ನನ್ನನ್ನು ಪಾರುಮಾಡಿದ್ದರು.

ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲ್ ಇದೆ. ಸುದ್ದಿ ನಿಜವೇ ಎಂದು ವಿಚಾರಿಸುವ ಮೊದಲೇ ಅದನ್ನು ನೂರು ಜನರಿಗೆ ದಾಟಿಸುತ್ತೇವೆ. ಟಿ.ವಿ. ಚರ್ಚೆಗಳಲ್ಲಿ ಎದುರಾಳಿಯ ವಾಕ್ಯ ಮುಗಿಯುವುದೇ ಅಪರೂಪ. ಸಂಪರ್ಕ ಇಷ್ಟೊಂದು ಸುಲಭವಾದ ಕಾಲದಲ್ಲಿ ಆಲಿಸುವುದು ಏಕೆ ಇಷ್ಟು ಕಷ್ಟವಾಯಿತು?

ಹ್ಯಾಮ್ ಪರವಾನಗಿ ಮಕ್ಕಳಿಗೆ ಆಸ್ತಿಯಂತೆ ಬರುವುದಿಲ್ಲ. ಕ್ಯಾಪ್ಟನ್ನರ ಮಗಳು ಅವರ ಹಿತ್ತಾಳೆಯ ಮೋರ್ಸ್ ಕೀಯನ್ನು ನನಗೆ ಕೊಟ್ಟಿದ್ದಾರೆ. ಮೋರ್ಸ್ ನನಗೆ ಬಾರದು. ಆದರೂ ಅದನ್ನು ಕಚೇರಿಯ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಕಕ್ಷಿದಾರನ ಮಾತನ್ನು ಅರ್ಧಕ್ಕೆ ತಡೆಯಲು ಬಾಯಿ ತೆರೆದಾಗಲೆಲ್ಲ ಕಣ್ಣು ಅದರತ್ತ ಹೋಗುತ್ತದೆ.